ದವಡೆಯ ಸರ್ಜನ್ ಅಂದರೆ ಯಾರು, ಅವರನ್ನು ಹುಡುಕುವುದು ಹೇಗೆ?

ಮೂರು ವರ್ಷದ ಹಿಂದೆ ನನ್ನ ತಮ್ಮ ರಾತ್ರಿ ಹೊತ್ತು ಬೈಕಿನಿಂದ ಬಿದ್ದ. ಗದ್ದ ನೇರವಾಗಿ ರಸ್ತೆಗೆ ಬಡಿದಿತ್ತು. ಕ್ಯಾಜುವಾಲಿಟಿಯಲ್ಲಿ ಗದ್ದಕ್ಕೆ ಐದು ಹೊಲಿಗೆ ಹಾಕಿದರು, ಟಿಟಿ ಇಂಜೆಕ್ಷನ್ ಕೊಟ್ಟರು, ತಲೆ ಸ್ಕ್ಯಾನ್ ಮಾಡಿ ಏನೂ ಆಗಿಲ್ಲ ಎಂದು ಮನೆಗೆ ಕಳಿಸಿದರು. ದೊಡ್ಡ ಗಂಡಾಂತರ ತಪ್ಪಿತು ಎಂದು ಅವ್ವ ದೇವರಿಗೆ ಕಾಯಿ ಒಡೆಸಿದಳು. ಮರುದಿನ ನೋಡಿದರೆ ಅವನಿಗೆ ಮೆತ್ತನೆಯ ರೊಟ್ಟಿ ಕೂಡ ಕಚ್ಚಲು ಆಗುತ್ತಿಲ್ಲ. "ಹಲ್ಲು ಕೂಡವಲ್ವು ಅಕ್ಕಾ" ಎನ್ನುತ್ತಿದ್ದ. ಬಾಯಿ ಮುಚ್ಚಿದರೆ ಬಲಗಡೆಯ ದವಡೆಹಲ್ಲು ಮೊದಲು ತಾಗುತ್ತಿತ್ತು, ಎಡಗಡೆ ಸಂದಿ ಉಳಿಯುತ್ತಿತ್ತು. ಬಾಯಿ ತೆರೆದರೆ ಕೆಳದವಡೆ ಬಲಕ್ಕೆ ವಾಲುತ್ತಿತ್ತು. ಊತ ಇಳಿದರೆ ಸರಿಹೋಗುತ್ತದೆ ಎಂದು ನಾವು ಮೂರು ವಾರ ಕಾದೆವು.

ಕೊನೆಗೆ ನಮ್ಮೂರಿನ ಹಲ್ಲಿನ ಡಾಕ್ಟರೊಬ್ಬರು ಅವನ ಎರಡೂ ಕಿವಿಯ ಮುಂದೆ ಬೆರಳಿಟ್ಟು, ಬಾಯಿ ತೆರೆಸಿ ಮುಚ್ಚಿಸಿ ನೋಡಿದರು. "ಗದ್ದಕ್ಕ ಪೆಟ್ಟು ಬಿದ್ದಾಗ ಎಷ್ಟೋ ಸಲ ಮುರಿಯೂದು ಕಿವಿ ಮುಂದಿನ ಎಲುಬು. ಇದು ನನ್ನ ಕೆಲಸ ಅಲ್ಲ, ದವಡಿ ಸರ್ಜನ್ ಕಡೆ ಹೋಗ್ರಿ" ಎಂದರು. ಎಕ್ಸ್‌ರೇಯಲ್ಲಿ ಅದೇ ಕಂಡಿತು. ಅಷ್ಟರಲ್ಲಿ ಮೂಳೆ ತನಗೆ ತೋಚಿದ ಹಾಗೆ ಕೂಡಲು ಶುರುಮಾಡಿತ್ತು. ಚಿಕಿತ್ಸೆ ಉದ್ದವಾಯಿತು.

ಆ ಮೂರು ವಾರ ಯಾಕೆ ಹೋಯಿತು ಅಂದರೆ, ಇಂಥ ಡಾಕ್ಟರು ಇದ್ದಾರೆ ಅನ್ನೋದೇ ನಮಗೆ ಗೊತ್ತಿರಲಿಲ್ಲ. ಹಲ್ಲಿಗೆ ಹಲ್ಲಿನ ಡಾಕ್ಟರು, ಮೂಳೆಗೆ ಮೂಳೆ ಡಾಕ್ಟರು ಅಂತಷ್ಟೇ ನಮ್ಮ ಲೆಕ್ಕ. ಇವೆರಡರ ನಡುವೆ ಬಾಯಿ, ದವಡೆ, ಮುಖದ ಮೂಳೆಗಳಿಗೆ ಅಂತಲೇ ಓದಿದವರು ಇದ್ದಾರೆ. ಅವರನ್ನು ಹುಡುಕುವ ದಾರಿ ಇಲ್ಲಿ ಬರೆದಿದ್ದೇನೆ.

ಬೋರ್ಡಿನ ಮೇಲೆ ಏನು ನೋಡಬೇಕು

ಹಲ್ಲಿನ ಡಾಕ್ಟರಾಗಲು ಬಿಡಿಎಸ್ ಓದಬೇಕು. ಇಂಟರ್ನ್‌ಶಿಪ್ ಸೇರಿ 5 ವರ್ಷ. ಅದರ ಮೇಲೆ 3 ವರ್ಷದ ಎಂಡಿಎಸ್. ಎಂಡಿಎಸ್‌ನಲ್ಲಿ 9 ವಿಭಾಗಗಳಿವೆ. ಹಲ್ಲಿಗೆ ತಂತಿ ಹಾಕುವವರು ಬೇರೆ, ವಸಡಿನವರು ಬೇರೆ, ಮಕ್ಕಳ ಹಲ್ಲಿನವರು ಬೇರೆ, ರೂಟ್ ಕೆನಾಲ್‌ನವರು ಬೇರೆ. ಈ 9ರಲ್ಲಿ ಒಂದು 'ಓರಲ್ ಅಂಡ್ ಮ್ಯಾಕ್ಸಿಲೋಫೇಶಿಯಲ್ ಸರ್ಜರಿ'. ನಮಗೆ ಬೇಕಾದವರು ಇವರು. ಆಸ್ಪತ್ರೆಯವರು 'ಓಎಂಎಫ್‌ಎಸ್' ಅಥವಾ 'ಮ್ಯಾಕ್ಸಿಲೋಫೇಶಿಯಲ್ ಸರ್ಜನ್' ಎನ್ನುತ್ತಾರೆ. ಕೆಲವರು ಸುಮ್ನೆ 'ಫೇಶಿಯಲ್ ಸರ್ಜನ್' ಅಂತಲೂ ಹೇಳುತ್ತಾರೆ.

ಇಲ್ಲಿ ಒಂದು ಗೊಂದಲ ಆಗುವುದುಂಟು. 'ಓರಲ್ ಮೆಡಿಸಿನ್', 'ಓರಲ್ ಪೆಥಾಲಜಿ' ಅಂತಲೂ ಎಂಡಿಎಸ್ ವಿಭಾಗಗಳಿವೆ. ಮೊದಲನೆಯವರು ಬಾಯಿಯ ರೋಗಗಳನ್ನು ಪರೀಕ್ಷೆ ಮಾಡಿ ಔಷಧ ಕೊಡುತ್ತಾರೆ, ಎಕ್ಸ್‌ರೇ ನೋಡುತ್ತಾರೆ. ಎರಡನೆಯವರು ಬಯಾಪ್ಸಿ ತುಣುಕನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿ ರಿಪೋರ್ಟ್ ಕೊಡುತ್ತಾರೆ. ಇಬ್ಬರೂ ಬೇಕಾದವರೇ, ಆದರೆ ಆಪರೇಷನ್ ಅವರ ಓದಿನ ವಿಷಯ ಅಲ್ಲ. 'ಓರಲ್' ಎಂಬ ಪದ ಕಂಡ ಕೂಡಲೇ ಸರ್ಜನ್ ಅಂದುಕೊಳ್ಳಬೇಡಿ, ಪೂರ್ತಿ ಓದಿ. ಹಾಗೆಯೇ ಬಿಡಿಎಸ್ ಮುಂದೆ ಇಂಪ್ಲಾಂಟ್, ಲೇಸರ್ ಅಂತ ಒಂದಷ್ಟು ಸರ್ಟಿಫಿಕೇಟುಗಳ ಸಾಲು ಇದ್ದರೂ ಅದು ಎಂಡಿಎಸ್ ಆಗುವುದಿಲ್ಲ.

ಹುಡುಕುತ್ತಾ ಕೂರಬಾರದ ಹೊತ್ತು

ಮುಂದಿನದ್ದನ್ನು ಓದುವ ಮೊದಲು ಇದನ್ನು ತಿಳಿದುಕೊಳ್ಳಿ. ಹಲ್ಲುನೋವು ಬಂದವರಿಗೆ ದವಡೆಯ ಕೆಳಗೆ, ಕತ್ತಿನ ಎರಡೂ ಕಡೆ ಗಟ್ಟಿಯಾಗಿ ಬಾವು ಬಂದು, ನಾಲಿಗೆ ಮೇಲೆದ್ದು, ಉಗುಳು ನುಂಗಲು ಆಗದೆ ಜೊಲ್ಲು ಸುರಿಯುತ್ತಿದ್ದರೆ ಅದು ಬರೀ ಹಲ್ಲುನೋವಲ್ಲ. ಹಲ್ಲಿನ ಸೋಂಕು ಕತ್ತಿಗೆ ಇಳಿದಿದೆ. ಉಸಿರಿನ ದಾರಿ ಕೆಲವೇ ಗಂಟೆಗಳಲ್ಲಿ ಕಟ್ಟಬಹುದು. 108ಕ್ಕೆ ಫೋನ್ ಮಾಡಿ ಐಸಿಯು ಇರುವ ದೊಡ್ಡ ಆಸ್ಪತ್ರೆಗೇ ಹೋಗಿ. ಕ್ಲಿನಿಕ್ ಬಾಗಿಲು ತೆರೆಯಲಿ ಅಂತ ಬೆಳಗಿನ ತನಕ ಕಾಯಬೇಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಇನ್ನೂ ಬೇಗ ಏರುತ್ತದೆ.

ಮುಖಕ್ಕೆ ಜೋರು ಪೆಟ್ಟು ಬಿದ್ದು ರಕ್ತ ನಿಲ್ಲದಿದ್ದರೆ, ಪ್ರಜ್ಞೆ ತಪ್ಪಿದ್ದರೆ, ವಾಂತಿ ಆಗುತ್ತಿದ್ದರೆ, ಒಂದೇ ವಸ್ತು ಎರಡಾಗಿ ಕಾಣುತ್ತಿದ್ದರೆ ಆಗಲೂ ಹಾಗೇ ಮಾಡಿ. ಮೊದಲು ತಲೆ, ಉಸಿರು, ರಕ್ತ. ದವಡೆ ಆಮೇಲೆ.

ಆಟ ಆಡುವಾಗ ಮಗುವಿನ ಹಲ್ಲು ಬೇರುಸಮೇತ ಕಿತ್ತು ಬಂದರೆ ಸರ್ಜನ್‌ಗಾಗಿ ಹುಡುಕಾಡುವುದು ಬೇಡ. ಹತ್ತಿರದ ಯಾವ ಹಲ್ಲಿನ ಡಾಕ್ಟರಾದರೂ ಸರಿ. ಅದು ಹಾಲುಹಲ್ಲು ಆಗಿರಬಾರದು ಅಷ್ಟೇ. ಹಾಲುಹಲ್ಲನ್ನು ಮತ್ತೆ ಕೂರಿಸುವುದಿಲ್ಲ. ಶಾಶ್ವತ ಹಲ್ಲಾದರೆ ಬೇರನ್ನು ಮುಟ್ಟದೆ ಮೇಲಿನ ಬಿಳಿ ಭಾಗ ಹಿಡಿದು ಎತ್ತಿ, ಉಜ್ಜಬೇಡಿ, ಒಂದು ಲೋಟ ತಣ್ಣನೆಯ ಹಾಲಿನಲ್ಲಿ ಹಾಕಿ ಓಡಿ. ಅರ್ಧ ಗಂಟೆಯೊಳಗೆ ಹೋದರೆ ಅದೇ ಹಲ್ಲು ಮತ್ತೆ ಬೇರೂರುವ ಸಾಧ್ಯತೆ ಜಾಸ್ತಿ.

ನಿಮ್ಮ ತೊಂದರೆ ಇವರ ಹತ್ತಿರ ಹೋಗುವಂಥದ್ದೇ?

ಹಲ್ಲು ಹುಳುಕು, ವಸಡಲ್ಲಿ ರಕ್ತ, ಹಳದಿ ಕಟ್ಟಿದ್ದು, ಇವಕ್ಕೆಲ್ಲ ನಿಮ್ಮ ಮಾಮೂಲಿ ಹಲ್ಲಿನ ಡಾಕ್ಟರೇ ಸಾಕು. ಸಾಮಾನ್ಯ ಹಲ್ಲು ಕೀಳಲು ಕೂಡ ಸರ್ಜನ್ ಬೇಡ. ಕೆಳಗಿನವಕ್ಕೆ ಬೇಕು.

ಪೆಟ್ಟು ಬಿದ್ದ ಮೇಲೆ ಹಲ್ಲು ಮೊದಲಿನ ಹಾಗೆ ಕೂಡದಿದ್ದರೆ ದವಡೆ ಮುರಿದಿದೆ ಎಂದೇ ಅನುಮಾನ ಪಡಿ. ಈ ಒಂದು ಮಾತು ನೆನಪಿಟ್ಟರೆ ಸಾಕು ಅನಿಸುತ್ತದೆ ನನಗೆ. ಕೆಳತುಟಿ ಜೋಮು ಹಿಡಿದ ಹಾಗಿರುವುದು, ಬಾಯಿ ಒಂದು ಕಡೆಗೆ ವಾಲಿ ತೆರೆಯುವುದು, ಕಿವಿಯ ಮುಂದೆ ನೋವು, ಕೆನ್ನೆಯ ಮೂಳೆ ತಗ್ಗಾಗಿ ಕಾಣುವುದು, ಕಣ್ಣಿನ ಕೆಳಗೆ ಸ್ಪರ್ಶ ತಿಳಿಯದಿರುವುದು, ಇವೂ ಅದೇ ಗುಂಪಿನವು. ತಲೆಯ ಸ್ಕ್ಯಾನ್ ಸರಿಯಿದೆ ಅಂದ ಮಾತ್ರಕ್ಕೆ ದವಡೆ ಸರಿಯಿದೆ ಅಂತಲ್ಲ. ಆ ಸ್ಕ್ಯಾನಿನಲ್ಲಿ ಎಷ್ಟೋ ಸಲ ಕೆಳದವಡೆ ಪೂರ್ತಿ ಬಂದಿರುವುದೇ ಇಲ್ಲ. ಬರೀ ಮೂಗು ಮುರಿದಿದ್ದರೆ ಇಎನ್‌ಟಿ ಡಾಕ್ಟರು ನೋಡುತ್ತಾರೆ. ಮುಖದ ಚರ್ಮ ತುಂಬಾ ಹರಿದಿದ್ದರೆ ಪ್ಲಾಸ್ಟಿಕ್ ಸರ್ಜನ್ ಬೇಕಾಗಬಹುದು. ಒಳ್ಳೆಯ ಆಸ್ಪತ್ರೆಯಲ್ಲಿ ಇವರೆಲ್ಲ ಸೇರಿಯೇ ಕೆಲಸ ಮಾಡುತ್ತಾರೆ.

ಇನ್ನೊಂದು, ಎರಡು ವಾರ ಕಳೆದರೂ ಮಾಯದ ಬಾಯಿಹುಣ್ಣು. ನೋವು ಇಲ್ಲದಿದ್ದರೂ ಸರಿ. ಬಿಳಿ ಅಥವಾ ಕೆಂಪು ಮಚ್ಚೆ, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಕತ್ತಿನಲ್ಲಿ ಗಂಟು, ಇವನ್ನೂ ಬಿಡಬೇಡಿ. ಗುಟ್ಕಾ, ಹೊಗೆಸೊಪ್ಪು ಹಾಕುವವರ ಮನೆಯಲ್ಲಂತೂ ಕಣ್ಣು ಚುರುಕಾಗಿರಲಿ. ಬರೀ ಅಡಿಕೆ ಏನೂ ಮಾಡಲ್ಲ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಅಡಿಕೆ ಬೆಳೆಯುವ ನಾಡಿನವರಿಗೆ ಇದನ್ನು ಹೇಳಲು ಕಷ್ಟವಾಗುತ್ತದೆ, ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕು ಬೆರೆಸದ ಅಡಿಕೆಯನ್ನೂ 2004ರಲ್ಲೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಹುಣ್ಣಿಗೆ ಜೆಲ್ ಹಚ್ಚುತ್ತಾ ತಿಂಗಳುಗಟ್ಟಲೆ ಕಳೆಯಬೇಡಿ, ಬಯಾಪ್ಸಿ ಮಾಡಿಸಿ. ಸೂಜಿ ತಾಗಿದರೆ ಕ್ಯಾನ್ಸರ್ ಹಬ್ಬುತ್ತದೆ ಎಂಬ ಹೆದರಿಕೆಯಿಂದ ಎಷ್ಟೋ ಜನ ಹಿಂದೆ ಸರಿಯುತ್ತಾರೆ. ಬಾಯಿಹುಣ್ಣಿನ ಚಿಕ್ಕ ತುಣುಕು ತೆಗೆದು ನೋಡುವುದರಿಂದ ಹಾಗಾಗುವುದಿಲ್ಲ. ಹಬ್ಬುವುದು ತಡಮಾಡಿದ್ದರಿಂದ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ನಿಲ್ಲಿಸಿ. ಹೋಗಬೇಕು. ಎರಡೇ ಬೆರಳು ಹೋಗುತ್ತಿದ್ದರೆ, ಖಾರ ತಿಂದರೆ ಬಾಯಿ ಉರಿಯುತ್ತಿದ್ದರೆ, ಕೆನ್ನೆಯ ಒಳಭಾಗ ಬಿಳಿಚಿ ಹಗ್ಗದ ಹಾಗೆ ಬಿಗಿದಿದ್ದರೆ ಅದು ಅಡಿಕೆ, ಗುಟ್ಕಾದಿಂದ ಬರುವ ಕಾಯಿಲೆ ಇರಬಹುದು. ಅಡಿಕೆ ಅವತ್ತೇ ಬಿಟ್ಟು ಡಾಕ್ಟರ ಹತ್ತಿರ ಹೋಗಿ.

ಬುದ್ಧಿಹಲ್ಲು, ಅಂದರೆ ನಮ್ಮ ಕಡೆ ಅಕ್ಕಲ್‌ದಾಡೆ ಅನ್ನುವುದು, ಅಡ್ಡಲಾಗಿ ಮೂಳೆಯೊಳಗೆ ಸಿಕ್ಕಿಕೊಂಡಿದ್ದರೆ ಸರ್ಜನ್ ಕೈಯಲ್ಲೇ ತೆಗೆಸುವುದು ಒಳ್ಳೆಯದು. ದವಡೆಯಲ್ಲಿ ನೀರುಗುಳ್ಳೆ ಅಥವಾ ಗಡ್ಡೆ, ಹುಟ್ಟಿನಿಂದ ದವಡೆ ತೀರಾ ಮುಂದೆ ಅಥವಾ ಹಿಂದೆ ಇರುವುದು, ಬಾಯಿ ತೆರೆಯಲಾಗದಂತೆ ಕೀಲು ಕಚ್ಚಿಕೊಂಡಿರುವುದು ಕೂಡ ಇವರದೇ ಕೆಲಸ. ಕೀಲಿನಲ್ಲಿ ಬರೀ 'ಟಕ್' ಅಂತ ಸದ್ದು ಬಂದರೆ ಹೆದರಬೇಡಿ. ನೋವಿಲ್ಲದಿದ್ದರೆ ಬಹುಪಾಲು ಜನರಿಗೆ ಆಪರೇಷನ್ ಬೇಕಾಗುವುದೇ ಇಲ್ಲ. ಮೊದಲ ಭೇಟಿಯಲ್ಲೇ ಕೀಲಿಗೆ ಕತ್ತರಿ ಹಾಕುವ ಮಾತು ಬಂದರೆ ಇನ್ನೊಬ್ಬರನ್ನು ಕೇಳಿ.

ಸೀಳುತುಟಿಯ ಮಗು ಹುಟ್ಟಿದ ಮನೆಗೆ ನಾಲ್ಕು ಮಾತು ಜಾಸ್ತಿಯೇ ಹೇಳಬೇಕು. ಗ್ರಹಣದ ದಿನ ತಾಯಿ ಹೊರಗೆ ಬಂದಿದ್ದಕ್ಕೆ ಹೀಗಾಯಿತು ಎಂದು ಹೇಳುವವರು ಬಂದರೆ ಅವರ ಮಾತಿಗೆ ಕಿವಿಗೊಡಬೇಡಿ. ಬಾಣಂತಿ ಮುಂದೆ ಅಂಥ ಮಾತು ಆಡಲೂ ಬಿಡಬೇಡಿ. ಅವಳ ತಪ್ಪು ಏನೂ ಇಲ್ಲ. ತುಟಿಯ ಆಪರೇಷನ್ ಸಾಮಾನ್ಯವಾಗಿ ಮಗುವಿಗೆ 3ರಿಂದ 6 ತಿಂಗಳಾದಾಗ, ಅಂಗುಳ (ಬಾಯಿಯೊಳಗಿನ ಮೇಲ್ಭಾಗ) ಸೀಳಿದ್ದರೆ ಅದರದ್ದು 9ರಿಂದ 18 ತಿಂಗಳೊಳಗೆ ಮಾಡುತ್ತಾರೆ. ಅಂಗುಳವನ್ನು ತಡವಾಗಿ ಮುಚ್ಚಿದರೆ ಮಾತು ಮೂಗಿನಲ್ಲಿ ಬರುವುದು ಉಳಿದುಬಿಡಬಹುದು. ಅಲ್ಲಿಯ ತನಕ ಮಗುವಿನ ತೂಕ ಏರಬೇಕು. ಮಗುವನ್ನು ಮಲಗಿಸಿ ಕುಡಿಸಬೇಡಿ. ತಲೆ ಎತ್ತಿ ಹಿಡಿದು, ತಾಯಿಹಾಲನ್ನು ಹಿಂಡಿ ಒಳಲೆಯಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸಿ, ನಡುನಡುವೆ ತೇಗಿಸಿ. ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಹೇಳಿದರೆ ಅವರೇ ಮುಂದಿನ ಆಸ್ಪತ್ರೆಗೆ ಕಳಿಸುತ್ತಾರೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೂ ದಾರಿ ಸಿಗುತ್ತದೆ. ಸ್ಮೈಲ್ ಟ್ರೈನ್ ಸಂಸ್ಥೆಯ ಜೊತೆಗಿರುವ ಆಸ್ಪತ್ರೆಗಳಲ್ಲಿ ಈ ಆಪರೇಷನ್ ಪೂರ್ತಿ ಉಚಿತ.

ಎಲ್ಲಿ ಹುಡುಕಬೇಕು

ನನ್ನ ಅನುಭವದಲ್ಲಿ ದಂತ ವೈದ್ಯಕೀಯ ಕಾಲೇಜೇ ಮೊದಲ ಬಾಗಿಲು. ಎಂಡಿಎಸ್ ಓದಿಸುವ ಕಾಲೇಜಿನಲ್ಲಿ ಈ ವಿಭಾಗ ಇದ್ದರೆ ಪ್ರೊಫೆಸರುಗಳು, ಪಿಜಿ ಡಾಕ್ಟರುಗಳು, ಎಕ್ಸ್‌ರೇ, ಬಯಾಪ್ಸಿ ಎಲ್ಲ ಒಂದೇ ಕಟ್ಟಡದಲ್ಲಿ ಸಿಗುತ್ತವೆ. ಖರ್ಚೂ ಕಡಿಮೆ. ಸ್ಟೂಡೆಂಟ್ ಡಾಕ್ಟರು ಕೈ ಹಾಕುತ್ತಾರೆ ಎಂದು ಕೆಲವರು ಹಿಂಜರಿಯುತ್ತಾರೆ. ಆ ಪಿಜಿಗಳು ಬಿಡಿಎಸ್ ಮುಗಿಸಿದ ಡಾಕ್ಟರುಗಳೇ, ಮೇಲೆ ಪ್ರೊಫೆಸರು ಇರುತ್ತಾರೆ. ನನ್ನ ತಮ್ಮನ ಜೊತೆ ಹೆಚ್ಚು ಹೊತ್ತು ಕೂತು ವಿವರಿಸಿದ್ದು ಒಬ್ಬ ಪಿಜಿ ಹುಡುಗಿಯೇ.

ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಕೋಟೆ ಪ್ರದೇಶದಲ್ಲಿ, ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿದೆ. ಬಳ್ಳಾರಿಯಲ್ಲೂ ಸರ್ಕಾರಿ ದಂತ ಕಾಲೇಜಿದೆ. ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜಿನಲ್ಲಿ ಸೀಳುತುಟಿ ಮತ್ತು ತಲೆಬುರುಡೆ, ಮುಖದ ಸರ್ಜರಿಗೆ ಬೇರೆಯೇ ಘಟಕವಿದೆ. ಬೆಳಗಾವಿಯವರಿಗೆ ಕೆಎಲ್‌ಇ, ದಾವಣಗೆರೆಯವರಿಗೆ ಬಾಪೂಜಿ, ಮೈಸೂರಿನವರಿಗೆ ಜೆಎಸ್‌ಎಸ್, ಕರಾವಳಿಯವರಿಗೆ ಮಣಿಪಾಲ, ಮಂಗಳೂರು, ದೇರಳಕಟ್ಟೆಯ ಕಾಲೇಜುಗಳು ಹತ್ತಿರ. ಬಾಯಿ ಕ್ಯಾನ್ಸರ್ ಎಂದು ಖಚಿತವಾದರೆ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ. ಆಪರೇಷನ್, ರೇಡಿಯೇಷನ್, ಕೀಮೋ ಯಾವುದು ಮೊದಲು ಎಂದು ಅಲ್ಲಿ ಎಲ್ಲರೂ ಸೇರಿ ತೀರ್ಮಾನಿಸುತ್ತಾರೆ. ಬೆಂಗಳೂರಿನ ತನಕ ಬರಲಾಗದ ಕಲ್ಯಾಣ ಕರ್ನಾಟಕದವರಿಗೆ ಕಲಬುರಗಿಯಲ್ಲೇ ಕಿದ್ವಾಯಿಯ ಕೇಂದ್ರವಿದೆ.

ಹೊರರೋಗಿ ಚೀಟಿ ಬೆಳಿಗ್ಗೆಯೇ ಮಾಡಿಸಿ. ತಡವಾಗಿ ಹೋದರೆ ಎಕ್ಸ್‌ರೇ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿ ಮರುದಿನ ಬನ್ನಿ ಅನ್ನಿಸಿಕೊಳ್ಳಬೇಕಾಗುತ್ತದೆ.

ಕಾಲೇಜು ದೂರವಾದರೆ ನಿಮ್ಮ ಹಲ್ಲಿನ ಡಾಕ್ಟರನ್ನೇ ಕೇಳಿ. "ನಿಮ್ಮ ಮನೆಯವರಿಗೇ ಹೀಗಾಗಿದ್ದರೆ ಯಾರ ಹತ್ತಿರ ಕಳಿಸ್ತಿದ್ರಿ ಸರ್?" ಎಂದು ಕೇಳಿ ನೋಡಿ. ಉತ್ತರ ಬೇರೆಯೇ ಬರುತ್ತದೆ. ಈ ಸರ್ಜನ್‌ಗಳ ದೇಶಮಟ್ಟದ ಸಂಘವೂ ಇದೆ, ಎಓಎಂಎಸ್‌ಐ ಅಂತ. ಆನ್‌ಲೈನ್ ಸ್ಟಾರ್‌ಗಳನ್ನು ನಾನು ಹೆಚ್ಚು ನಂಬುವುದಿಲ್ಲ. ರಿಸೆಪ್ಷನ್ ಚೆನ್ನಾಗಿದೆ, ಎಸಿ ಇದೆ ಎಂದು ಬರೆದವರ ಮಾತಿನಿಂದ ಕೈಕೆಲಸ ಹೇಗಿದೆ ಅಂತ ಹೇಗೆ ತಿಳಿಯುವುದು?

ಹೆಸರು ಸಿಕ್ಕಿತು, ಈಗ ಖಾತ್ರಿ ಮಾಡಿಕೊಳ್ಳಿ

ಪ್ರತಿ ದಂತ ವೈದ್ಯರೂ ಕಾನೂನಿನಂತೆ ನೋಂದಣಿ ಆಗಿರಬೇಕು. ನಮ್ಮಲ್ಲಿ ಅದನ್ನು ಮಾಡುವುದು ಕರ್ನಾಟಕ ರಾಜ್ಯ ದಂತ ವೈದ್ಯಕೀಯ ಪರಿಷತ್ತು. ಆ ಸಂಖ್ಯೆ ಕೇಳುವುದು ನಿಮ್ಮ ಹಕ್ಕು. ಎಂಡಿಎಸ್ ಪದವಿಯೂ ಅಲ್ಲಿ ದಾಖಲಾಗುತ್ತದೆ. ಖಾಸಗಿ ಕ್ಲಿನಿಕ್, ಆಸ್ಪತ್ರೆಗಳಿಗೆ 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯ ನೋಂದಣಿ ಬೇಕು, ದರಪಟ್ಟಿ ಎಲ್ಲರಿಗೂ ಕಾಣುವ ಹಾಗೆ ಹಾಕಿರಬೇಕು. ಒಳಗೆ ಕಾಲಿಟ್ಟಾಗ ಗೋಡೆಯ ಮೇಲೊಮ್ಮೆ ಕಣ್ಣಾಡಿಸಿ.

ಬುದ್ಧಿಹಲ್ಲಿನ ವಿಷಯದಲ್ಲಿ ಒಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಚಿಕ್ಕ ಊರಿನ ಕ್ಲಿನಿಕ್‌ಗಳಿಗೆ ಸರ್ಜನ್ ಹೊರಗಿನಿಂದ ಬರುತ್ತಾರೆ, ವಾರಕ್ಕೊಂದು ದಿನ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನೀವು ಬೋರ್ಡಿನ ಮೇಲಿನ ಡಾಕ್ಟರೇ ಮಾಡುತ್ತಾರೆ ಅಂದುಕೊಂಡಿರುತ್ತೀರಿ. ಅದಕ್ಕೇ ಮೊದಲೇ ಕೇಳಿ, ಹಲ್ಲು ತೆಗೆಯುವವರು ಯಾರು, ಅವರ ಹೆಸರೇನು, ಅವರು ಹೋದ ಮೇಲೆ ರಾತ್ರಿ ರಕ್ತ ಬಂದರೆ ಫೋನ್ ಯಾರಿಗೆ ಮಾಡಬೇಕು? ಆ ಹೆಸರನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ.

ಮೊದಲ ಭೇಟಿ

ಹಳೆಯ ಎಕ್ಸ್‌ರೇ, ಸ್ಕ್ಯಾನ್ ಸಿಡಿ, ಡಿಸ್ಚಾರ್ಜ್ ಚೀಟಿ ಎಲ್ಲ ಒಯ್ಯಿರಿ. ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ಅಲ್ಲ, ಮಾತ್ರೆಯ ಸ್ಟ್ರಿಪ್‌ಗಳನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ. ಹೆಸರು ತಪ್ಪಾಗುವುದು ತಪ್ಪುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಮೂಳೆ ಸವೆತಕ್ಕೆ ಅಥವಾ ಕ್ಯಾನ್ಸರ್‌ಗೆ ಮೂಳೆ ಗಟ್ಟಿ ಮಾಡುವ ಇಂಜೆಕ್ಷನ್ ತೆಗೆದುಕೊಂಡಿದ್ದರೆ, ಕುತ್ತಿಗೆ, ಮುಖಕ್ಕೆ ಯಾವಾಗಲಾದರೂ ರೇಡಿಯೇಷನ್ ಆಗಿದ್ದರೆ ಅದನ್ನಂತೂ ಮರೆಯದೆ ಹೇಳಿ. ಇಂಥವರಿಗೆ ಒಂದು ಹಲ್ಲು ಕಿತ್ತರೂ ದವಡೆಯ ಮೂಳೆ ಮಾಯದೆ ಕೊಳೆಯುವ ಅಪಾಯವಿದೆ. ಪೆಟ್ಟು ಬಿದ್ದವರು ಅಪಘಾತಕ್ಕೆ ಮುಂಚಿನ ನಗುವ ಫೋಟೊ ಒಂದನ್ನು ಒಯ್ದರೆ ಸರ್ಜನ್‌ಗೆ ಬಹಳ ಉಪಯೋಗ. ಹಲ್ಲು ಮೊದಲು ಹೇಗೆ ಕೂಡುತ್ತಿತ್ತು ಎಂದು ಅದರಲ್ಲಿ ಕಾಣುತ್ತದೆ.

ಆಪರೇಷನ್ ಅಂದರೆ ಈ ಪ್ರಶ್ನೆಗಳನ್ನು ಕೇಳಿ. ಇದೇ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ? ಮಾಡದೆ ಬಿಟ್ಟರೆ ಏನಾಗುತ್ತದೆ? ತಂತಿ ಕಟ್ಟುತ್ತೀರೋ, ಪ್ಲೇಟ್ ಹಾಕುತ್ತೀರೋ? ಪೂರ್ತಿ ಅರಿವಳಿಕೆ ಆದರೆ ಅದನ್ನು ಕೊಡುವವರು ಯಾರು, ಐಸಿಯು ಇದೆಯಾ? ಬಾಯಿಯೇ ತೆರೆಯದ ರೋಗಿಗೆ ಅರಿವಳಿಕೆಯ ನಳಿಕೆಯನ್ನು ಮೂಗಿನಿಂದ ಇಳಿಸಬೇಕಾಗುತ್ತದೆ, ಅದಕ್ಕೆ ಪಳಗಿದ ಕೈ ಬೇಕು. ಕೆಳಗಿನ ಬುದ್ಧಿಹಲ್ಲಾದರೆ ಇನ್ನೊಂದು: "ನರ ಎಷ್ಟು ಹತ್ತಿರ ಇದೆ?" ಆ ಹಲ್ಲಿನ ಬೇರಿನ ಪಕ್ಕದಲ್ಲೇ ತುಟಿಗೆ ಸ್ಪರ್ಶ ಕೊಡುವ ನರ ಹಾದುಹೋಗುತ್ತದೆ. ಪೂರ್ತಿ ದವಡೆಯ ಎಕ್ಸ್‌ರೇ, ಅಂದರೆ ಒಪಿಜಿಯಲ್ಲಿ ಬೇರು ನರಕ್ಕೆ ತಾಗಿದ ಹಾಗೆ ಕಂಡರೆ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಮಾಡಿಸುತ್ತಾರೆ. ಒಪಿಜಿಯನ್ನೂ ತೆಗೆಸದೆ ಅಡ್ಡ ಹಲ್ಲಿಗೆ ಕೈ ಹಾಕುತ್ತೇವೆ ಎಂದರೆ ಎದ್ದು ಬನ್ನಿ.

ಒಳ್ಳೆಯ ಡಾಕ್ಟರು ಈ ಪ್ರಶ್ನೆಗಳಿಗೆ ಬೇಜಾರು ಮಾಡಿಕೊಳ್ಳುವುದಿಲ್ಲ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬೆರಳಿಟ್ಟು ತೋರಿಸುತ್ತಾರೆ.

ದುಡ್ಡಿನ ದಾರಿ

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ದವಡೆ ಮುರಿತದಂಥವು ಈ ಪ್ಯಾಕೇಜುಗಳಲ್ಲಿವೆ. ಹುಳುಕು ಹಲ್ಲು, ರೂಟ್ ಕೆನಾಲ್ ಇಲ್ಲ. ತುರ್ತು ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗಬಹುದು. ಹಾಗಾಗಿ ಅಡ್ಮಿಟ್ ಆಗುವ ಮೊದಲೇ ಈ ಯೋಜನೆಗೆ ನೆರವಾಗಲು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ನೋಡಿ. ಅಡ್ಮಿಟ್ ಆದ ಮೇಲೆ ಓಡಾಡಿದರೆ ಕೆಲಸ ಕೆಡುತ್ತದೆ.

ರಸ್ತೆ ಅಪಘಾತವಾದರೆ ಎಂಎಲ್‌ಸಿ, ಅಂದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವ ದಾಖಲೆ, ಮಾಡಿಸಿ. ಪೊಲೀಸ್ ಅಂದರೆ ಹೆದರಿಕೊಂಡು 'ಸುಮ್ನೆ ಜಾರಿ ಬಿದ್ದೆ' ಅಂತ ಬರೆಸಬೇಡಿ. ನಾವು ಆ ತಪ್ಪು ಮಾಡಿದೆವು, ವಿಮೆ ಸಿಗಲಿಲ್ಲ. ಕೇಂದ್ರ ಸರ್ಕಾರ 2025ರಲ್ಲಿ ತಂದ ಯೋಜನೆಯಂತೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನ, 1.5 ಲಕ್ಷ ರೂಪಾಯಿ ತನಕ ನಗದಿಲ್ಲದೆ ಚಿಕಿತ್ಸೆ ಪಡೆಯಬಹುದು. ಇನ್ನು ಖಾಸಗಿ ಆರೋಗ್ಯ ವಿಮೆ. ಹಲ್ಲಿನ ಚಿಕಿತ್ಸೆ ಇಲ್ಲ ಎಂದು ಪಾಲಿಸಿಯಲ್ಲಿ ಬರೆದಿದ್ದರೂ ಅಪಘಾತದಿಂದಾದ ದವಡೆ ಮುರಿತಕ್ಕೆ ಸಾಮಾನ್ಯವಾಗಿ ಕೊಡುತ್ತಾರೆ. ಆಸ್ಪತ್ರೆಯ ಕಾಗದದಲ್ಲಿ 'ಡೆಂಟಲ್' ಅಂತಷ್ಟೇ ಬರೆಯದೆ ಯಾವ ಮೂಳೆ, ಹೇಗೆ ಮುರಿಯಿತು ಎಂದು ಸ್ಪಷ್ಟವಾಗಿ ಬರೆಸಿ.

ಆಪರೇಷನ್ ಆದ ಮೇಲೆ

ಡಿಸ್ಚಾರ್ಜ್ ಚೀಟಿಯಲ್ಲಿ ಯಾವ ಪ್ಲೇಟ್, ಎಲ್ಲಿ ಹಾಕಿದ್ದಾರೆ ಅನ್ನುವುದು ಇರಲಿ. ಹಲ್ಲುಗಳನ್ನು ತಂತಿಯಿಂದ ಬಿಗಿದು ಕಳಿಸಿದರೆ ಜೊತೆಗೊಂದು ಚಿಕ್ಕ ತಂತಿ ಕತ್ತರಿ ಕೊಡುತ್ತಾರಾ ಕೇಳಿ. ವಾಂತಿ ಬಂದು ಉಸಿರು ಕಟ್ಟಿದರೆ ತಕ್ಷಣ ಕತ್ತರಿಸಬೇಕು, ಎಲ್ಲಿ ಕತ್ತರಿಸಬೇಕು ಅಂತ ಮನೆಯವರಿಗೆ ತೋರಿಸಿಕೊಡಲಿ. ಊಟಕ್ಕೆ ರಾಗಿ ಅಂಬಲಿ, ಸೋಸಿದ ಬೇಳೆಕಟ್ಟು, ಮಜ್ಜಿಗೆ. ಬಿಸಿ ಆರಿರಲಿ.

ತಂತಿ ಬಿಚ್ಚಿದ ಮೇಲಿನ ವ್ಯಾಯಾಮವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ದವಡೆ ಮತ್ತೆ ಬಿಗಿಯುವುದು ಅಲ್ಲೇ. ನನ್ನ ತಮ್ಮನಿಗೆ ಆ ಪಿಜಿ ಡಾಕ್ಟರು ಒಂದು ಕಟ್ಟು ಐಸ್‌ಕ್ರೀಮ್ ಕಡ್ಡಿ ಕೊಟ್ಟಿದ್ದರು. ಮುಂದಿನ ಹಲ್ಲುಗಳ ನಡುವೆ ಕಡ್ಡಿಗಳನ್ನು ಜೋಡಿಸಿ ತೂರಿಸಿ, ದಿನಕ್ಕೆ ಐದು ಸಲ, ನೋವು ತಡೆಯುವಷ್ಟು ಹೊತ್ತು. ಹನ್ನೊಂದು ಕಡ್ಡಿಯಿಂದ ಶುರುಮಾಡಿದ. ಪ್ರತಿ ಸೋಮವಾರ ಅವ್ವ ಕೂತು ಒಂದು ಕಡ್ಡಿ ಸೇರಿಸುತ್ತಿದ್ದಳು. ಹತ್ತೊಂಬತ್ತಕ್ಕೆ ಬಂದ ದಿನ ಅವನು ಕಡಕ್ ರೊಟ್ಟಿ ಕೇಳಿದ.